ಜಾಂಬೋಟಿಯ ತೋಟದ ಮನೆಗೆ ಹಾಟ್ ಟಬ್ ಹಾಕಿಸಬೇಕಾ?

ಪ್ರಶ್ನೆ: ನಾವು ಬೆಳಗಾವಿಯ ಟಿಳಕವಾಡಿಯಲ್ಲಿ ಇರುತ್ತೇವೆ. ಖಾನಾಪುರ ತಾಲ್ಲೂಕಿನ ಜಾಂಬೋಟಿ ಹತ್ತಿರ ನಮ್ಮದೊಂದು ಮೂರು ಕೋಣೆಗಳ ತೋಟದ ಮನೆ ಇದೆ. ಶನಿವಾರ-ಭಾನುವಾರ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತೇವೆ. ಅಲ್ಲಿ ಗಂಡ-ಹೆಂಡತಿ ಇಬ್ಬರು ಕೆಲಸಕ್ಕಿದ್ದಾರೆ. ಗೋವಾ, ಕೊಲ್ಹಾಪುರ, ಹುಬ್ಬಳ್ಳಿ ಕಡೆಯವರು ಈಗ ಫೋನಿನಲ್ಲೇ "ಜಕೂಝಿ ಇದೆಯಾ?" ಅಂತ ಕೇಳುತ್ತಾರೆ. ಮಾಳಿಗೆ ಮೇಲೆ ಐದು ಜನ ಕೂರುವ ಹಾಟ್ ಟಬ್ ಇಟ್ಟರೆ ಗುಡ್ಡ ಚೆನ್ನಾಗಿ ಕಾಣುತ್ತದೆ. ಇಡಬಹುದೇ? ನಿರ್ವಹಣೆ ಎಷ್ಟು ಕಷ್ಟ? ಹಾಕಿದ ದುಡ್ಡು ವಾಪಸ್ ಬರುತ್ತದೆಯೇ? ನಮ್ಮ ಬಾವಿ ನೀರು ಸ್ವಲ್ಪ ಕೆಂಪಗಿದೆ. ಅದರಿಂದ ತೊಂದರೆ ಆಗುತ್ತದೆಯೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮಾಳಿಗೆ ಮೇಲೆ ಬೇಡ. ನೀರು ದಿನಗಟ್ಟಲೆ ನಿಲ್ಲುವ, ಜೆಟ್ (ನೀರು ರಭಸದಿಂದ ಚಿಮ್ಮುವ ತೂತು) ಇರುವ ಹಾಟ್ ಟಬ್ ಸದ್ಯಕ್ಕೆ ನೆಲದ ಮೇಲೂ ಬೇಡ. ಅದರ ಬದಲು ಒಂದು ಬಿಸಿನೀರಿನ ತೊಟ್ಟಿ ಕಟ್ಟಿಸಿ. ಪ್ರತಿ ತಂಡಕ್ಕೂ ಹೊಸ ನೀರು ತುಂಬಿ, ಅವರು ಹೋದ ಕೂಡಲೇ ಖಾಲಿ ಮಾಡುವಂಥದ್ದು. ನಿಮ್ಮ ಜಾಗ, ನಿಮ್ಮ ನೀರು, ನೀವು ಊರಲ್ಲಿ ಇಲ್ಲದಿರುವುದು, ಮೂರನ್ನೂ ನೋಡಿ ಈ ಮಾತು ಹೇಳುತ್ತಿದ್ದೇನೆ. ನೀವು ಅಲ್ಲೇ ವಾಸ ಇದ್ದಿದ್ದರೆ ಉತ್ತರ ಬೇರೆ ಆಗುತ್ತಿತ್ತು.

ಒಂದು ವ್ಯತ್ಯಾಸ ತಲೆಯಲ್ಲಿರಲಿ. ಹೋಟೆಲಿನ ಬಾತ್‌ರೂಮಿನಲ್ಲಿರುವ ಜೆಟ್ ತೊಟ್ಟಿಯಲ್ಲಿ ಒಬ್ಬರು ಸ್ನಾನ ಮಾಡಿದ ಮೇಲೆ ನೀರು ಚರಂಡಿಗೆ ಹೋಗುತ್ತದೆ. ಹೊರಗೆ ಇಡುವ ಹಾಟ್ ಟಬ್‌ನಲ್ಲಿ ಅದೇ ನೀರು ನಿಂತಿರುತ್ತದೆ. ಫಿಲ್ಟರ್ ಅದನ್ನು ಸೋಸುತ್ತದೆ, ಹೀಟರ್ ಕಾಯಿಸುತ್ತದೆ, ಕ್ಲೋರಿನ್ ಶುದ್ಧ ಇಡುತ್ತದೆ. ಅಂಗಡಿಯವರು ಹಾಟ್ ಟಬ್ ಅಂತ ಮಾರುವುದು ಈ ಎರಡನೆಯದನ್ನೇ. ಹಾಟ್ ಟಬ್ ತರುವುದು ಅಂದರೆ ಎಮ್ಮೆ ಕಟ್ಟಿದ ಹಾಗೆ. ಹಾಲು ಕೊಡಲಿ ಬಿಡಲಿ, ಮನೆಯಲ್ಲಿ ಮದುವೆ ಇರಲಿ, ದಿನಾ ಮೇವು-ನೀರು ತಪ್ಪಿಸುವಂತಿಲ್ಲ. ಗಿರಾಕಿ ಇಲ್ಲದ ಮಂಗಳವಾರವೂ ಯಾರಾದರೂ ಹೋಗಿ ನೀರು ನೋಡಲೇಬೇಕು.

ಅಷ್ಟು ಯಾಕೆ ನೋಡಬೇಕು ಅಂತೀರಾ? ಟಬ್ಬಿನ ನೀರು 37-38 ಡಿಗ್ರಿ ಇರುತ್ತದೆ. ಮೈಗೆ ಹಿತವಾದ ಈ ಶಾಖ ರೋಗಾಣುಗಳಿಗೂ ಹಿತ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 25ರಿಂದ 45 ಡಿಗ್ರಿ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಇದು ಹೊಟ್ಟೆಗೆ ಹೋಗಿ ಕೆಡುಕು ಮಾಡುವ ಜಾತಿಯದ್ದಲ್ಲ. ಜೆಟ್ ನೀರನ್ನು ಚಿಮ್ಮಿಸಿದಾಗ ಏಳುವ ಸಣ್ಣ ಹನಿಗಳ ಜೊತೆ ಉಸಿರಿನಲ್ಲಿ ಸೇರಿ ನ್ಯುಮೋನಿಯಾ ತರುತ್ತದೆ. 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ಬೋವೆನ್‌ಕಾರ್ಸ್ಪೆಲ್‌ನಲ್ಲಿ ಒಂದು ಹೂವಿನ ಮೇಳ ನಡೆಯಿತು. ಅಲ್ಲಿ ಪ್ರದರ್ಶನಕ್ಕೆಂದು ಟಬ್ ಚಾಲೂ ಮಾಡಿ ಇಟ್ಟಿದ್ದರು. ಜನ ಅದರ ಹತ್ತಿರ ಓಡಾಡಿದರು, ಅಷ್ಟೇ. ಇನ್ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಮೂವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಈ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಎರಡರಿಂದ ಹದಿನಾಲ್ಕು ದಿನಗಳ ಮೇಲೆ. ನಿಮ್ಮಲ್ಲಿ ಉಳಿದು ಹೋದ ಅಜ್ಜನಿಗೆ ಕೊಲ್ಹಾಪುರದಲ್ಲಿ ಜ್ವರ ಬಂದರೆ ನಿಮಗೆ ಗೊತ್ತೂ ಆಗುವುದಿಲ್ಲ, ಅವರಿಗೆ ಟಬ್ಬಿನ ನೆನಪೂ ಇರುವುದಿಲ್ಲ.

ಇನ್ನೊಂದು ಬ್ಯಾಕ್ಟೀರಿಯಾ ಸ್ಯೂಡೊಮೊನಾಸ್. ಇದು ಬೇಗ ಕಾಣುತ್ತದೆ. ಟಬ್ಬಿನಲ್ಲಿ ಕೂತು ಹೋದ ಒಂದೆರಡು ದಿನದಲ್ಲಿ ಬಟ್ಟೆ ಅಂಟಿಕೊಂಡಿದ್ದ ಜಾಗದಲ್ಲಿ ಕೆಂಪು ಗುಳ್ಳೆಗಳು ಏಳುತ್ತವೆ. ಪ್ರಾಣಕ್ಕೇನೂ ಆಗುವುದಿಲ್ಲ. ಆದರೆ ಫೋಟೋ ಸಮೇತ ರಿವ್ಯೂ ಬರುತ್ತದೆ.

ಇವೆರಡನ್ನೂ ತಡೆಯುವುದು ಕ್ಲೋರಿನ್ ಅಥವಾ ಬ್ರೋಮಿನ್. ಹಾಟ್ ಟಬ್‌ನಲ್ಲಿ ಮುಕ್ತ ಕ್ಲೋರಿನ್ (ಇನ್ನೂ ಖರ್ಚಾಗದೆ ಕೆಲಸಕ್ಕೆ ಉಳಿದಿರುವುದು) ಕನಿಷ್ಠ 3 ಪಿಪಿಎಂ, ಅಂದರೆ ಲೀಟರಿಗೆ 3 ಮಿಲಿಗ್ರಾಂ ಇರಬೇಕು. ಬ್ರೋಮಿನ್ ಆದರೆ ಕನಿಷ್ಠ 4. ನೀರಿನ ಹುಳಿ-ಕ್ಷಾರ ಅಳೆಯುವ ಪಿಎಚ್ 7.2ರಿಂದ 7.8ರ ಒಳಗಿರಬೇಕು. ಪಿಎಚ್ ಯಾಕೆ ಮುಖ್ಯ ಅಂದರೆ, 7.5ರಲ್ಲಿ ಹಾಕಿದ ಕ್ಲೋರಿನ್‌ನಲ್ಲಿ ಅರ್ಧದಷ್ಟು ಮಾತ್ರ ಚುರುಕಾಗಿ ಕೆಲಸ ಮಾಡುತ್ತದೆ. 8 ದಾಟಿದರೆ ಕಾಲು ಭಾಗವೂ ಇಲ್ಲ. ಜೆಟ್‌ಗಳು ನೀರಿಗೆ ಗಾಳಿ ಬೆರೆಸಿದಷ್ಟೂ ಪಿಎಚ್ ಏರುತ್ತಾ ಹೋಗುತ್ತದೆ. ಅಂದರೆ ಟಬ್ ಬಳಸಿದಂತೆಲ್ಲ ಔಷಧ ಸೋಲುತ್ತದೆ. ಈಜುಕೊಳದಲ್ಲಿ ಇಷ್ಟು ಅವಸರ ಇಲ್ಲ. ಅಲ್ಲಿ ಲಕ್ಷ ಲೀಟರಿಗೆ ಹತ್ತು ಜನ. ಇಲ್ಲಿ ಸಾವಿರ ಚಿಲ್ಲರೆ ಲೀಟರಿಗೆ ಐದು ಜನ, ಅದೂ ಬಿಸಿನೀರಲ್ಲಿ ಬೆವರುತ್ತಾ. ಬೆಳಿಗ್ಗೆ 5 ಇದ್ದ ಕ್ಲೋರಿನ್ ರಾತ್ರಿ ಒಂದು ತಂಡ ಕೂತು ಎದ್ದ ಮೇಲೆ ಸೊನ್ನೆ ಆಗಿರಬಹುದು.

ಆದ್ದರಿಂದ ಪ್ರತಿ ತಂಡ ಇಳಿಯುವ ಮೊದಲು ಒಮ್ಮೆ, ಬಳಕೆಯಲ್ಲಿರುವ ದಿನ ಕನಿಷ್ಠ ಎರಡು ಸಲ ಪರೀಕ್ಷೆ ಮಾಡಿ ವಹಿಯಲ್ಲಿ ಬರೆಯಬೇಕು. ಟೆಸ್ಟ್ ಸ್ಟ್ರಿಪ್ ಅದ್ದಿ ಬಣ್ಣ ಹೋಲಿಸುವುದು ಒಂದು ನಿಮಿಷದ ಕೆಲಸ. ಓದಲು ಬಾರದವರೂ ಕಲಿಯುತ್ತಾರೆ. ಕಷ್ಟ ಇರುವುದು ಅದನ್ನು ತಪ್ಪದೆ ಮಾಡುವುದರಲ್ಲಿ. ಶುಕ್ರವಾರ ನೀವು ಟಿಳಕವಾಡಿಯಿಂದ ಫೋನ್ ಮಾಡುತ್ತೀರಿ. ಆ ಕಡೆಯಿಂದ "ಎಲ್ಲಾ ಬರೋಬರ್ ಐತ್ರಿ" ಅಂತ ಉತ್ತರ ಬರುತ್ತದೆ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ನೀರು ತಿಳಿಯಾಗಿ ಕಂಡರೆ ಅವರ ಲೆಕ್ಕಕ್ಕೆ ಬರೋಬರ್. ರೋಗಾಣು ತುಂಬಿದ ನೀರೂ ತಿಳಿಯಾಗೇ ಕಾಣುತ್ತದೆ. ಇಬ್ಬರು ಅಡುಗೆ, ಕಸ, ತೋಟ, ಹಾಸಿಗೆ ಎಲ್ಲ ನೋಡಿಕೊಂಡು ಮೇಲೆ ಇದನ್ನೂ ಮಾಡಬೇಕು. ಸಂಬಳ ಹೆಚ್ಚಿಸಿ, ಕಲಿಸಿ, ಅವರಲ್ಲಿ ಒಬ್ಬರ ಹೆಸರಿಗೇ ಈ ಕೆಲಸ ಒಪ್ಪಿಸದೆ ಟಬ್ ತರಬೇಡಿ. ದುಬಾರಿ ಟಬ್‌ಗಳಲ್ಲಿ ಆಟೊಮ್ಯಾಟಿಕ್ ಅಂತ ಹೇಳಿ ಮಾರುತ್ತಾರಲ್ಲ, ಓಝೋನ್, ಯುವಿ ದೀಪ, ಅವು ಸಹಾಯಕ್ಕೆ ಇರುವಂಥವು. ನೀರೊಳಗೆ ಉಳಿದು ಕಾಯುವ ಕೆಲಸವನ್ನು ಕ್ಲೋರಿನ್ನೇ ಮಾಡಬೇಕು.

ಇನ್ನು ನಿಮ್ಮ ಕೆಂಪು ನೀರು. ಜಾಂಬೋಟಿ, ಕಣಕುಂಬಿ ಕಡೆ ಎಲ್ಲ ಜಂಬಿಟ್ಟಿಗೆ ನೆಲ. ಆ ಕೆಂಪು ಕಬ್ಬಿಣದ್ದು. ಬಾವಿಯಿಂದ ಎತ್ತಿದಾಗ ತಿಳಿಯಾಗಿದ್ದ ನೀರಿಗೂ ಕ್ಲೋರಿನ್ ಬಿದ್ದ ಕೂಡಲೇ ಕರಗಿದ್ದ ಕಬ್ಬಿಣ ತುಕ್ಕಾಗಿ ಬೇರೆಯಾಗುತ್ತದೆ. ಟಬ್ ತುಂಬಾ ಚಹಾ ಬಣ್ಣ. ಗಿರಾಕಿಗಳು ಗಾಬರಿಯಾಗುತ್ತಾರೆ, ಬಿಳಿ ಅಕ್ರಿಲಿಕ್ ಮೇಲೆ ಕಲೆ ಕೂರುತ್ತದೆ, ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಇದಕ್ಕೆ ಉಪಾಯ ಇದೆ. ಹಿಂದಿನ ದಿನವೇ ನೀರನ್ನು ಟ್ಯಾಂಕಿಗೆ ಎತ್ತರದಿಂದ ಷವರ್ ತರಹ ಬೀಳಿಸಿ. ಗಾಳಿ ತಾಗಿದಷ್ಟೂ ಕಬ್ಬಿಣ ಬೇರೆಯಾಗುತ್ತದೆ. ರಾತ್ರಿಯಿಡೀ ತಂಗಲು ಬಿಡಿ. ತಳದಿಂದ ಒಂದು ಗೇಣು ಮೇಲಿನ ನೀರನ್ನು ಮಾತ್ರ ಮರಳು ಫಿಲ್ಟರ್ ಮೂಲಕ ತೆಗೆದುಕೊಳ್ಳಿ. ಕಬ್ಬಿಣ ಜಾಸ್ತಿ ಇದ್ದರೆ ಅದಕ್ಕೆಂದೇ ಇರುವ ಕಬ್ಬಿಣ ತೆಗೆಯುವ ಫಿಲ್ಟರ್ ಬೇಕಾಗುತ್ತದೆ. ಜಂಬಿಟ್ಟಿಗೆ ನೆಲದ ನೀರು ಮೆದು, ಅದರ ಜೊತೆಗೆ ಸ್ವಲ್ಪ ಹುಳಿ ಗುಣದ್ದು, ಅಂದರೆ ಪಿಎಚ್ 7ಕ್ಕಿಂತ ಕೆಳಗೆ. ಇಂಥ ನೀರು ಹೀಟರಿನ ಲೋಹವನ್ನು ನಿಧಾನಕ್ಕೆ ತಿನ್ನುತ್ತದೆ. ನೊರೆಯೂ ಬೇಗ ಬರುತ್ತದೆ. ಅಡುಗೆ ಸೋಡಾ ಹಾಕಿ ಅಲ್ಕಲಿನಿಟಿಯನ್ನು, ಅಂದರೆ ಹುಳಿ ತಡೆಯುವ ಕ್ಷಾರದ ಪ್ರಮಾಣವನ್ನು, 80ರಿಂದ 120 ಪಿಪಿಎಂಗೆ ತಂದರೆ ಪಿಎಚ್ ಸಹ ಸ್ಥಿರ ಆಗುತ್ತದೆ. ಯಾವುದಕ್ಕೂ ಮೊದಲು ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ನೋಡಿ. ಎರಡರ ವರದಿ ಒಂದೇ ಇರುವುದಿಲ್ಲ.

(ಬಾದಾಮಿ, ವಿಜಯಪುರ ಕಡೆಯ ಓದುಗರಿಗೆ ಒಂದು ಮಾತು. ನಿಮ್ಮ ಬೋರ್‌ವೆಲ್ ನೀರಿನ ಕಥೆ ಇದಕ್ಕೆ ತದ್ವಿರುದ್ಧ. ಗಡಸು ನೀರು, ಹೀಟರ್ ಕಡ್ಡಿಗೆ ಸುಣ್ಣದ ಪೊರೆ ಕಟ್ಟುತ್ತದೆ. ಅಲ್ಲದೆ ನಿಮ್ಮಲ್ಲಿ ಏಪ್ರಿಲ್-ಮೇ ಬಿಸಿಲಿಗೆ ಬಿಸಿನೀರಿನ ತೊಟ್ಟಿ ಯಾರಿಗೆ ಬೇಕು? ನೆರಳಿನಲ್ಲಿ ಒಂದು ತಣ್ಣೀರಿನ ಸಣ್ಣ ಕೊಳ ಮಾಡಿದರೆ ಬಂದವರು ಹರಸುತ್ತಾರೆ.)

ಮಾಳಿಗೆ ಯಾಕೆ ಬೇಡ ಅನ್ನುವುದಕ್ಕೆ ಲೆಕ್ಕ ಸುಲಭ. ಐದು ಜನರ ಟಬ್‌ಗೆ ಸುಮಾರು 1200 ಲೀಟರ್ ನೀರು, ಅಂದರೆ 1200 ಕೆಜಿ. ಟಬ್ 300 ಕೆಜಿ. ಐದು ಜನ 350 ಕೆಜಿ. ಒಟ್ಟು 1850 ಕೆಜಿ. ಇದು ಕೂರುವ ಜಾಗ ಎರಡು ಮೀಟರ್‌ಗೆ ಎರಡು ಮೀಟರ್. ಅಂದರೆ ಒಂದು ಚದರ ಮೀಟರಿಗೆ 460 ಕೆಜಿ. ನಮ್ಮ ಮನೆಗಳ ಸ್ಲ್ಯಾಬನ್ನು ಜನ, ಸಾಮಾನು ಸೇರಿ ಚದರ ಮೀಟರಿಗೆ ಸುಮಾರು 200 ಕೆಜಿ ಹೊರಲಿ ಅಂತ ಲೆಕ್ಕ ಹಾಕಿರುತ್ತಾರೆ. ಓಡಾಡುವ ಮಾಳಿಗೆಗೆ ಇನ್ನೂ ಕಡಿಮೆ, 150. ಇಟ್ಟ ದಿನವೇ ಬೀಳುತ್ತದೆ ಅಂತಲ್ಲ. ಒಂದು ಮಳೆಗಾಲದಲ್ಲಿ ಸಣ್ಣ ಬಿರುಕು, ಮುಂದಿನ ಮಳೆಗಾಲದಲ್ಲಿ ಆ ಬಿರುಕಿನೊಳಗೆ ನೀರು, ಒಳಗೆ ಕಬ್ಬಿಣಕ್ಕೆ ತುಕ್ಕು. "ನಮ್ಮ ಸ್ಲ್ಯಾಬ್ ಗಟ್ಟಿ ಇದೆ, ಗೌಂಡಿ ಹೇಳಿದಾನೆ" ಅನ್ನುವ ಮಾತು ನಾನು ಬಹಳ ಸಲ ಕೇಳಿದ್ದೇನೆ. ಗೌಂಡಿಯ ಮಾತು ಸಾಲದು. ಸ್ಟ್ರಕ್ಚರಲ್ ಎಂಜಿನಿಯರ್ ಬರೆದು ಸಹಿ ಮಾಡಿ ಕೊಡಬೇಕು. ಗುಡ್ಡದ ನೋಟ ಬೇಕೇ ಬೇಕು ಅಂದರೆ ಅಂಗಳದ ಅಂಚಿನಲ್ಲಿ ನೆಲ ಎತ್ತರಿಸಿ, ಮುರುಮ್ ತುಂಬಿ ಗಟ್ಟಿಸಿ, ಮೇಲೆ ಆರಿಂಚು ಕಾಂಕ್ರೀಟ್ ಹಾಕಿಸಿ. ಅಲ್ಲಿಂದಲೂ ಗುಡ್ಡ ಕಾಣುತ್ತದೆ ಅಲ್ವಾ?

ಈಗ ನಾನು ಹೇಳುವ ತೊಟ್ಟಿಗೆ ಬರೋಣ.

ಒಳಗಿನ ಅಳತೆ ಐದು ಅಡಿ ಉದ್ದ, ನಾಲ್ಕು ಅಡಿ ಅಗಲ. ಗೋಡೆ ಎರಡೂವರೆ ಅಡಿ. ನೀರು ಒಂದೂವರೆ ಅಡಿ ತುಂಬಿದರೆ ಸುಮಾರು 850 ಲೀಟರ್. ನಾಲ್ಕು ಜನ ಇಳಿದಾಗ ಮಟ್ಟ ನಾಲ್ಕೈದು ಇಂಚು ಏರುತ್ತದೆ. ನೆಲಕ್ಕೆ ಕೂತರೆ ಎದೆಯ ತನಕ ಬಿಸಿನೀರು. ಹೊರಗಿನ ಗೋಡೆಗೆ ನಿಮ್ಮೂರಿನ ಜಂಬಿಟ್ಟಿಗೆ ಕಲ್ಲು ಬಳಸಿ. ನೋಡಲು ಚೆಂದ, ಆ ಜಾಗಕ್ಕೆ ಹೊಂದುತ್ತದೆ, ಪ್ಲಾಸ್ಟಿಕ್ ಟಬ್ಬಿಗಿಂತ ಫೋಟೋ ಚೆನ್ನಾಗಿ ಬರುತ್ತದೆ. ಒಳಗೆ ವಾಟರ್‌ಪ್ರೂಫಿಂಗ್ ಮಾಡಿ ಟೈಲ್ಸ್, ಸಂದುಗಳಿಗೆ ಎಪಾಕ್ಸಿ. ಸಿಮೆಂಟ್ ಸಂದಿನಲ್ಲಿ ಪಾಚಿ ಕೂರುತ್ತದೆ, ಎಪಾಕ್ಸಿಯಲ್ಲಿ ಅಷ್ಟು ಬೇಗ ಕೂರುವುದಿಲ್ಲ. ತಳಕ್ಕೆ ಇಳಿಜಾರು, ಮೂರಿಂಚಿನ ಪೈಪು, ಒಂದು ಬಿರಡೆ. ಪಂಪ್ ಇಲ್ಲ, ಜೆಟ್ ಇಲ್ಲ. ರೋಗಾಣುಗಳು ಪೊರೆ ಕಟ್ಟಿಕೊಂಡು ಕೂರುವುದು ಜೆಟ್‌ಗಳ ಹಿಂದಿನ ಪೈಪುಗಳಲ್ಲಿ. ಬ್ರಷ್ ಅಲ್ಲಿಗೆ ಹೋಗುವುದಿಲ್ಲ. ಇಲ್ಲಿ ಆ ಪೈಪೇ ಇಲ್ಲ. ಖಾಲಿ ಮಾಡಿ, ಉಜ್ಜಿ, ಒಣಗಲು ಬಿಟ್ಟರೆ ಕೆಲಸ ಮುಗಿಯಿತು. ಆ ಗಂಡ-ಹೆಂಡತಿಗೆ ಈ ಕೆಲಸ ಯಾರೂ ಹೇಳಿಕೊಡಬೇಕಿಲ್ಲ. ಮನೆಯ ಹಂಡೆ, ನೀರಿನ ಹೌದ ತೊಳೆದು ಅಭ್ಯಾಸ ಇದ್ದೇ ಇರುತ್ತದೆ.

ನೀರು ಕಾಯಿಸುವುದಕ್ಕೆ 500 ಲೀಟರಿನ ಸೋಲಾರ್ ಸಾಕು. ಅದು 60 ಡಿಗ್ರಿ ನೀರು ಕೊಡುತ್ತದೆ, ಬಾವಿ ನೀರು 20 ಡಿಗ್ರಿ ಅಂತ ಹಿಡಿಯಿರಿ. 850 ಲೀಟರ್ ತೊಟ್ಟಿ 38 ಡಿಗ್ರಿಗೆ ಬರಲು ಸುಮಾರು 380 ಲೀಟರ್ ಬಿಸಿನೀರು ಬೇಕು, ಉಳಿದದ್ದು ತಣ್ಣೀರು. ತೊಟ್ಟಿಯ ಗೋಡೆ ಸ್ವಲ್ಪ ಶಾಖ ಹೀರುತ್ತದೆ, ಅದಕ್ಕೂ ಕೈಯಲ್ಲಿ ನೂರು ಲೀಟರ್ ಉಳಿಯುತ್ತದೆ. ಎಡವಟ್ಟು ಏನಂದರೆ ನಿಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಸೂರ್ಯನೇ ಕಾಣುವುದಿಲ್ಲ. ಮಳೆ ನೋಡುತ್ತಾ ಬಿಸಿನೀರಲ್ಲಿ ಕೂರಬೇಕು ಅಂತ ಜನ ಬರುವುದೂ ಆಗಲೇ. ಆ ನಾಲ್ಕು ತಿಂಗಳಿಗೆ ಕಟ್ಟಿಗೆಯ ದೊಡ್ಡ ಬಾಯ್ಲರ್ ಇಟ್ಟುಕೊಳ್ಳಿ. ಮನೆಯಲ್ಲಿರುವ ತಾಮ್ರದ ಬಂಬ ಸಾಲುವುದಿಲ್ಲ, ಅದು ನಾಲ್ಕೈದು ಬಕೆಟ್ಟಿಗೆ ಸರಿ. ಒಂದು ತೊಟ್ಟಿಗೆ ಹತ್ತು-ಹನ್ನೆರಡು ಕೆಜಿ ಒಣ ಕಟ್ಟಿಗೆ ಬೇಕಾಗಬಹುದು. ಗೋಡಂಬಿ ಮರ ಸವರಿದ ಟೊಂಗೆಗಳನ್ನು ಬೇಸಿಗೆಯಲ್ಲೇ ಕೂಡಿಟ್ಟು ಮುಚ್ಚಿಡಿ. ಕರೆಂಟಿನಲ್ಲೇ ಕಾಯಿಸಿದರೆ 18 ಯೂನಿಟ್ ಆಗುತ್ತದೆ, 3 ಕಿಲೋವ್ಯಾಟ್ ಹೀಟರಿಗೆ ಆರು ತಾಸು. ಮಳೆಗಾಲದಲ್ಲಿ ಅಷ್ಟು ಹೊತ್ತು ಬಿಡದೆ ಕರೆಂಟ್ ಇರುತ್ತದೆ ಅಂತ ನಾನಂತೂ ನಂಬುವುದಿಲ್ಲ.

ಸೋಲಾರ್ ಟ್ಯಾಂಕಿನ ಬಗ್ಗೆ ಬಹಳ ಜನ ಗಮನಿಸದ ಒಂದು ವಿಷಯ. ಮೋಡದ ದಿನಗಳಲ್ಲಿ ಅದರ ನೀರು 35-40 ಡಿಗ್ರಿಗೆ ಬಂದು ದಿನಗಟ್ಟಲೆ ನಿಲ್ಲುತ್ತದೆ. ನಾವು ಮೇಲೆ ಹೆದರಿದ್ದು ಇದೇ ಶಾಖಕ್ಕೆ ಅಲ್ವಾ? ಗಿರಾಕಿ ಬರುವ ಮೊದಲು ಟ್ಯಾಂಕಿನ ಎಲೆಕ್ಟ್ರಿಕ್ ಹೀಟರ್ ಹಾಕಿ ಒಮ್ಮೆ ಪೂರ್ತಿ 60 ಡಿಗ್ರಿಗೆ ಏರಿಸಿ. ಬಹಳ ದಿನ ಬಳಸದಿದ್ದರೆ ಹಳೆ ನೀರು ಖಾಲಿ ಮಾಡಿ. ಮಳೆಗಾಲದಲ್ಲಿ ಬಾವಿಗೆ ಮೇಲಿನ ನೀರು ಇಳಿಯುತ್ತದೆ, ಹಾಗಾಗಿ ಮಾಳಿಗೆಯ ಟ್ಯಾಂಕಿಗೂ ಕ್ಲೋರಿನ್ ಹಾಕುವ ರೂಢಿ ಇರಲಿ.

ತೊಟ್ಟಿ ತುಂಬುವುದು ನಿಮ್ಮ ಕೆಲಸದವರೇ. ಮೊದಲು ತಣ್ಣೀರು, ಆಮೇಲೆ ಬಿಸಿ. ಥರ್ಮಾಮೀಟರ್ ಇಟ್ಟು 38 ನೋಡಿ, 40 ಯಾವತ್ತೂ ದಾಟಬಾರದು. 60 ಡಿಗ್ರಿ ನೀರು ಮಗುವಿನ ಚರ್ಮವನ್ನು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಬಿಸಿನೀರಿನ ವಾಲ್ವ್ ಗಿರಾಕಿಗಳ ಕೈಗೆ ಸಿಗದ ಕಡೆ ಇರಲಿ, ಬೀಗ ಇದ್ದರೆ ಇನ್ನೂ ಒಳ್ಳೆಯದು.

ನೀರು ದಂಡ ಆಗುವುದಿಲ್ಲವೇ ಅಂತ ಕೇಳುತ್ತೀರಿ, ಗೊತ್ತು. ಮಾರ್ಚ್ ನಂತರ ನಿಮ್ಮ ಬಾವಿ ಇಳಿಯುತ್ತದೆ. ತೊಟ್ಟಿಯ ನೀರನ್ನು ಒಂದು ಗುಂಡಿಯಲ್ಲಿ ಹಿಡಿದು ತೆಂಗು, ಬಾಳೆಗೆ ಬಿಡಿ. ಸೋಪು-ಶಾಂಪೂ ತೊಟ್ಟಿಯೊಳಗೆ ಬೇಡ ಅಂತ ಬೋರ್ಡ್ ಹಾಕಿ. ಬೇಸಿಗೆಯಲ್ಲಿ ನೀರು ತೀರಾ ಕಡಿಮೆ ಆದರೆ ತೊಟ್ಟಿ ಬಂದ್ ಅಂತ ಬುಕಿಂಗ್ ಹೊತ್ತಿನಲ್ಲೇ ಹೇಳಿಬಿಡಿ. ಇನ್ನೊಂದು ಮಾತು. ಬಾಡಿಗೆ ಮನೆಯಲ್ಲಿ ಹಾಟ್ ಟಬ್ ಇಟ್ಟರೆ ನೀರು ಉಳಿಯುತ್ತದೆ ಅನ್ನುವುದು ಅರ್ಧ ಸತ್ಯ. 1200 ಲೀಟರಿಗೆ ದಿನಾ ನಾಲ್ಕು ಜನ ಇಳಿದರೆ ಮೂರೂವರೆ ವಾರಕ್ಕೆ ನೀರು ಬದಲಿಸಬೇಕು ಅನ್ನುವುದು ಮನೆಬಳಕೆಯ ಲೆಕ್ಕ. ವಾರಕ್ಕೊಂದು ಅಪರಿಚಿತ ತಂಡ ಬರುವ ಕಡೆ ನಾನು ಪ್ರತಿ ತಂಡಕ್ಕೂ ಬದಲಿಸಿ ಅಂತಲೇ ಹೇಳುತ್ತೇನೆ.

ಇಷ್ಟಾದ ಮೇಲೂ "ಇಲ್ಲ, ನಮಗೆ ಜೆಟ್ ಇರುವ ಟಬ್ಬೇ ಬೇಕು" ಅಂದರೆ ಕೆಲವು ವಿಷಯಗಳಲ್ಲಿ ರಾಜಿ ಮಾಡಿಕೊಳ್ಳಬೇಡಿ. ಮೊದಲನೆಯದು ಕರೆಂಟ್. ಬೇರೆಯೇ ಲೈನ್, ಸರಿಯಾದ ಎಂಸಿಬಿ, ಕರೆಂಟ್ ಸೋರಿದರೆ ತಾನೇ ಬಂದ್ ಮಾಡುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಳೆದು ನೋಡಿದ ಅರ್ಥಿಂಗ್. ಟಬ್ಬಿನಲ್ಲಿ ಕೂತವರ ಕೈಗೆ ಸಿಗದಷ್ಟು ದೂರ, ಆದರೆ ಕಣ್ಣಿಗೆ ಕಾಣುವ ಕಡೆ ಬಂದ್ ಮಾಡುವ ಸ್ವಿಚ್. ಹೀಟರ್, ಪಂಪ್ ಸೇರಿ ನಾಲ್ಕೂವರೆ ಕಿಲೋವ್ಯಾಟ್ ಆಗಬಹುದು. ಹೆಸ್ಕಾಂನಲ್ಲಿ ನಿಮ್ಮ ಮಂಜೂರಾದ ಲೋಡ್ ಎಷ್ಟಿದೆ ನೋಡಿ ಹೆಚ್ಚಿಸಿಕೊಳ್ಳಿ. ಏಪ್ರಿಲ್-ಮೇ ಗುಡುಗು ಮಳೆಯಲ್ಲಿ ಸಿಡಿಲಿಗೆ ಮೊದಲು ಹೋಗುವುದು ಟಬ್ಬಿನ ಸರ್ಕ್ಯೂಟ್ ಬೋರ್ಡ್. ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಮೋಡ ಗುಡುಗಿದರೆ ಎಲ್ಲರನ್ನೂ ನೀರಿನಿಂದ ಎಬ್ಬಿಸಿ ಅಂತ ಕೆಲಸದವರಿಗೆ ಅಧಿಕಾರ ಕೊಡಿ.

ಎರಡನೆಯದು ತಳದ ಹೀರುಬಾಯಿ. ಪಂಪ್ ನೀರು ಎಳೆಯುವ ಜಾಗ ಅದು. ಉದ್ದ ಕೂದಲು, ದುಪಟ್ಟಾ, ಮಗುವಿನ ಮೈ ಅಲ್ಲಿ ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ. 2002ರಲ್ಲಿ ಅಮೆರಿಕದಲ್ಲಿ ಏಳು ವರ್ಷದ ಹುಡುಗಿ ಹೀಗೆ ಸಿಕ್ಕಿ ನೀರಲ್ಲೇ ತೀರಿಕೊಂಡಳು. 2007ರಲ್ಲಿ ಅವಳ ಹೆಸರಿನಲ್ಲೇ ಅಲ್ಲಿ ಕಾನೂನು ಬಂತು. ಎರಡು ಹೀರುಬಾಯಿ ಇರಬೇಕು, ಎರಡಕ್ಕೂ ಉಬ್ಬಿದ ಜಾಳಿಗೆ ಇರಬೇಕು. ಜಾಳಿಗೆ ಸೀಳಿದ್ದರೆ ಆ ದಿನ ಟಬ್ ಬಂದ್.

ಮೂರನೆಯದು ಔಷಧ. ಬ್ಲೀಚಿಂಗ್ ಪೌಡರ್ ಅಗ್ಗ ಅಂತ ಹಾಕಬೇಡಿ, ಸುಣ್ಣ ಉಳಿದು ನೀರು ಕದಡುತ್ತದೆ, ಫಿಲ್ಟರ್ ಕಟ್ಟುತ್ತದೆ. ಈಜುಕೊಳದ ತೇಲುವ ಬಿಳಿ ಗುಳಿಗೆಗಳೂ ಬೇಡ. ಅವು ಬಹಳ ಹುಳಿ, ನಿಮ್ಮ ನೀರು ಮೊದಲೇ ಹುಳಿ. ಬಿಸಿನೀರಿಗೆ ಬ್ರೋಮಿನ್ ಒಳ್ಳೆಯದು, ವಾಸನೆಯೂ ಕಡಿಮೆ, ಬೆಲೆ ಮಾತ್ರ ಜಾಸ್ತಿ. ಕ್ಲೋರಿನ್ ಪುಡಿಯನ್ನು ಸಣ್ಣ ತಕ್ಕಡಿಯಲ್ಲಿ ತೂಗಿ ಹಾಕಿ. 1200 ಲೀಟರಿನಲ್ಲಿ 4 ಪಿಪಿಎಂ ಏರಿಸಲು 65 ಪರ್ಸೆಂಟಿನ ಪುಡಿ ಏಳೂವರೆ ಗ್ರಾಂ ಸಾಕು. ಮುಷ್ಟಿ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪುಡಿಯನ್ನು ನೀರಿಗೆ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು. ಎರಡು ಬಗೆಯ ಕ್ಲೋರಿನ್ ಒಂದೇ ಡಬ್ಬಿಯಲ್ಲಿ ಬೆರೆತರೆ ಬೆಂಕಿ ಹತ್ತಬಹುದು. ಆಸಿಡ್ ಜೊತೆ ಬೆರೆತರೆ ವಿಷದ ಗಾಳಿ. ಟಬ್ಬಿನಿಂದ ಮೂಗಿಗೆ ಬಡಿಯುವ ಕ್ಲೋರಿನ್ ವಾಸನೆ ಬಂದರೆ ಔಷಧ ಹೆಚ್ಚಾಗಿದೆ ಅಂತ ತಿಳಿಯಬೇಡಿ. ಬೆವರು, ಮೂತ್ರದ ಜೊತೆ ಸೇರಿ ಸುಸ್ತಾದ ಕ್ಲೋರಿನ್ ಅದು. ನೀರು ಹೊಲಸಾಗಿದೆ ಅಂತಲೇ ಅರ್ಥ.

ಮುಚ್ಚಳ ದಪ್ಪಗಿರಲಿ, ಬೀಗ ಹಾಕುವಂಥದ್ದಾಗಿರಲಿ. ಶಾಖದ ಬಹುಪಾಲು ಹೋಗುವುದು ಆವಿಯಾಗಿ. ಒಂದು ರಾತ್ರಿ ತೆರೆದಿಟ್ಟು ಹತ್ತು ಲೀಟರ್ ಆವಿಯಾದರೆ ಆರೂವರೆ ಯೂನಿಟ್ ಗಾಳಿಗೆ ಹೋಯಿತು. ಮಂಗಗಳು ಆ ರೆಕ್ಸಿನ್ ಮುಚ್ಚಳ ಕಿತ್ತು ಹಾಕುತ್ತವೆ, ಸುತ್ತ ಜಾಲರಿ ಮಾಡಿಸಿ. ಮೋಟಾರ್ ಇರುವ ಪೆಟ್ಟಿಗೆ ಬೆಚ್ಚಗಿರುತ್ತದೆ. ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಬ್ಯಾಟರಿ ಬೆಳಕು ಬಿಟ್ಟು ನೋಡದೆ ಕೈ ಹಾಕಬಾರದು. ಫಿಲ್ಟರನ್ನು ಪ್ರತಿ ತಂಡದ ನಂತರ ತೊಳೆಯಿರಿ, ಎರಡು ಇಟ್ಟುಕೊಂಡು ಅದಲು-ಬದಲು ಮಾಡಿ. ಖಾಲಿ ಮಾಡುವ ಮೊದಲು ಔಷಧ ನಿಲ್ಲಿಸಿ, ಎರಡು ದಿನ ಮುಚ್ಚಳ ತೆರೆದು ಬಿಸಿಲಿಗೆ ಬಿಡಿ. ಕ್ಲೋರಿನ್ ಇರುವ ನೀರನ್ನು ನೇರ ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತವೆ. ನಿಮ್ಮ ಕಡೆಯ ಹಳ್ಳಗಳು ಕೆಳಗೆ ಹೋಗಿ ಮಲಪ್ರಭೆ, ಮಹದಾಯಿಗೇ ಸೇರುವುದು.

ತೊಟ್ಟಿ ಆಗಲಿ ಟಬ್ ಆಗಲಿ, ಗಿರಾಕಿಗಳಿಗೆ ಕೆಲವು ನಿಯಮ ಕಡ್ಡಾಯ. ಇಳಿಯುವ ಮೊದಲು ಮೈ ತೊಳೆಯಬೇಕು. ನಮ್ಮವರು ತಲೆಗೆ ಎಣ್ಣೆ ಹಚ್ಚಿಕೊಂಡೇ ಇಳಿಯುತ್ತಾರೆ, ಮೇಲೆ ಜಿಡ್ಡಿನ ಪದರ ತೇಲುತ್ತದೆ. ಅರಿಶಿನ ಶಾಸ್ತ್ರ, ಹೋಳಿ ಬಣ್ಣ, ಪ್ರೀ-ವೆಡ್ಡಿಂಗ್ ಫೋಟೋಗೆ ಗುಲಾಬಿ ಪಕಳೆ, ಮೂರಕ್ಕೂ ಇಲ್ಲ ಅಂತ ಮೊದಲೇ ಹೇಳಿ. ಗಾಜಿನ ಬಾಟಲಿ, ಗ್ಲಾಸು ಹತ್ತಿರ ಬರಬಾರದು. ಒಂದು ಚೂರು ನೀರೊಳಗೆ ಬಿದ್ದರೂ ಪೂರ್ತಿ ಖಾಲಿ ಮಾಡಿ ಹುಡುಕಬೇಕು. ಕುಡಿದವರು ಇಳಿಯಬಾರದು, ಬಿಸಿನೀರು ಮತ್ತು ಮದ್ಯ ಎರಡೂ ಬಿಪಿ ಇಳಿಸುತ್ತವೆ, ನಿದ್ದೆ ಬರುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಎದ್ದು ಹೊರಬರಬೇಕು. ಬಸುರಿಯರು, ಹೃದಯದ ತೊಂದರೆ ಇರುವವರು, ಐದು ವರ್ಷದೊಳಗಿನ ಮಕ್ಕಳು ಬೇಡ. ಬೋರ್ಡ್ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಇರಲಿ. ಸುತ್ತ ನಯವಾದ ಟೈಲ್ಸ್ ಬೇಡ. ಒರಟು ಶಹಾಬಾದ್ ಕಲ್ಲು ಹಾಸಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಪಾಚಿ ಉಜ್ಜಿಸಿ. ನಾನು ಕಂಡಂತೆ ಜನ ಬಿದ್ದು ಪೆಟ್ಟು ಮಾಡಿಕೊಳ್ಳುವುದು ನೀರಿನ ಒಳಗಿಗಿಂತ ಹೊರಗೇ ಜಾಸ್ತಿ.

ದುಡ್ಡಿನ ಪ್ರಶ್ನೆ. ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳಿ, ನಿಮ್ಮ ಅಂಕಿಗಳನ್ನು ಹಾಕಿ ನೋಡಿಕೊಳ್ಳಿ. ಟಬ್, ಕಟ್ಟೆ, ವೈರಿಂಗ್, ಮೇಲೆ ಚಪ್ಪರ ಸೇರಿ ನಾಲ್ಕು ಲಕ್ಷ. ಟಬ್ ಇದೆ ಅಂತ ರಾತ್ರಿಗೆ 1500 ಜಾಸ್ತಿ, ತಿಂಗಳಿಗೆ ಎಂಟು ರಾತ್ರಿ. 12,000 ಬಂತು. 1200 ಲೀಟರನ್ನು 20ರಿಂದ 38 ಡಿಗ್ರಿಗೆ ಕಾಯಿಸಲು 25 ಯೂನಿಟ್, ಶಾಖ ಉಳಿಸಿಕೊಳ್ಳಲು ಇನ್ನೊಂದಿಷ್ಟು. ವಾರಾಂತ್ಯಕ್ಕೆ 45 ಅಂತ ಹಿಡಿದು ಯೂನಿಟ್ಟಿಗೆ 10 ರೂಪಾಯಿಯಂತೆ ತಿಂಗಳಿಗೆ 1800. ಔಷಧ, ಫಿಲ್ಟರ್ 1500. ಕೆಲಸದವರಿಗೆ ಹೆಚ್ಚುವರಿ 3000. ಉಳಿಯುವುದು 5700. ವರ್ಷಕ್ಕೆ ಒಂಬತ್ತು ತಿಂಗಳು ಹೀಗೇ ನಡೆದರೂ ಅಸಲು ಬರಲು ಎಂಟು ವರ್ಷ ಹತ್ತಿರ ಬೇಕು. ಅಷ್ಟರೊಳಗೆ ಹೀಟರ್, ಪಂಪ್, ಮುಚ್ಚಳ ಒಂದೊಂದು ಸಲವಾದರೂ ಬದಲಾಗಿರುತ್ತವೆ. ಕಲ್ಲಿನ ತೊಟ್ಟಿಗೆ ಇಷ್ಟು ದುಡ್ಡು ಹಿಡಿಯುವುದಿಲ್ಲ, ಕೆಡುವ ಭಾಗಗಳೂ ಕಡಿಮೆ. ರಾತ್ರಿಗೆ ಸಾವಿರ ಜಾಸ್ತಿ ಕೇಳಿದರೂ ಲೆಕ್ಕ ಬೇಗ ಕೂಡುತ್ತದೆ. ಗಾಳಿ ತುಂಬುವ ಅಗ್ಗದ ಟಬ್‌ಗಳನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ. ಮನೆಯವರ ಬಳಕೆಗೆ ಸರಿ, ವಾರ ವಾರ ಹೊಸಬರು ಬಂದು ಹೋಗುವ ಕಡೆ ಒಂದು ಮಳೆಗಾಲ ತಡೆಯುವುದೂ ಕಷ್ಟ.

ಜೆಟ್ ಟಬ್ಬೇ ಕೊಳ್ಳುವುದಾದರೆ ಬಿಲ್ ಮಾಡಿಸುವ ಮೊದಲು ಅಂಗಡಿಯವರಿಗೆ ಎರಡು ಪ್ರಶ್ನೆ ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ಹೀಟರ್ ಕಡ್ಡಿ, ಸರ್ಕ್ಯೂಟ್ ಬೋರ್ಡ್ ಕೆಟ್ಟರೆ ಎಷ್ಟು ದಿನದಲ್ಲಿ ಬೆಳಗಾವಿಗೆ ತರಿಸಿ ಕೊಡುತ್ತೀರಿ? ಮನೆಯನ್ನು ಬಾಡಿಗೆಗೆ ಕೊಡುತ್ತೇವೆ, ಆಗಲೂ ವಾರಂಟಿ ನಡೆಯುತ್ತದೆಯೇ? ಮನೆಬಳಕೆಗೆಂದು ಮಾರುವ ಎಷ್ಟೋ ಟಬ್‌ಗಳ ವಾರಂಟಿ ಬಾಡಿಗೆ ಮನೆಗೆ ಅನ್ವಯಿಸುವುದಿಲ್ಲ. ಅದು ಕಾಗದದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ.